ಹಾಜರಾಗದ ಹೇಳಿಕೆ: ಬ್ಯಾಡಗಿಯ ಟಂಟಂ ಚಾಲಕನ ಪ್ರಕರಣ

ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಿಂದ ಮೋಟೆಬೆನ್ನೂರಿನ ಹೆದ್ದಾರಿಯವರೆಗೆ ಟಂಟಂ ಎಂಬ ಮೂರು ಚಕ್ರದ ಬಾಡಿಗೆ ಗಾಡಿ ಓಡಿಸುತ್ತಿದ್ದ ಒಬ್ಬ ಯುವಕ ಕೊಲೆ ಆರೋಪದಲ್ಲಿ ಬಂಧಿತನಾದ. ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಎಂಟು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ ಮೇಲೆ ಹೈಕೋರ್ಟಿನ ಧಾರವಾಡ ಪೀಠ ಅವನನ್ನು ದೋಷಮುಕ್ತಗೊಳಿಸಿತು. ಮೇಲ್ಮನವಿಯ ಹಂತದಲ್ಲಿ ಕಾನೂನು ನೆರವಿನ ವಕೀಲರ ಕೈಕೆಳಗೆ ಕಡತ ಓದಿ ಟಿಪ್ಪಣಿ ಮಾಡುವ ಕೆಲಸ ನನ್ನದಾಗಿತ್ತು. ಗುರುತು ಹತ್ತದಂತೆ ಊರು, ವರ್ಷ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾರ ಹೆಸರನ್ನೂ ಬರೆದಿಲ್ಲ. ಕಾನೂನಿನ ಭಾಗ ಮಾತ್ರ ಇದ್ದದ್ದು ಇದ್ದ ಹಾಗೆಯೇ ಇದೆ.

ಒಬ್ಬ ಕೆಟ್ಟ ಅಧಿಕಾರಿ ಹಟ ಹಿಡಿದು ಅಮಾಯಕನನ್ನು ಸಿಕ್ಕಿಸಿದ್ದಿದ್ದರೆ ಬರೆಯುವುದು ಸುಲಭವಿತ್ತು. ಇಲ್ಲಿ ಹಾಗೇನೂ ಆಗಿಲ್ಲ. ಠಾಣೆಯವರು, ಸರ್ಕಾರಿ ಅಭಿಯೋಜಕರು, ಆರೋಪಿಯ ಮೊದಲ ವಕೀಲರು, ವಿಚಾರಣಾ ನ್ಯಾಯಾಲಯ, ಎಲ್ಲರೂ ತಮ್ಮ ಕೆಲಸವನ್ನು ಮುಕ್ಕಾಲು ಪಾಲು ಮಾಡಿದರು. ಉಳಿದ ಕಾಲು ಪಾಲನ್ನು ಆತ ಜೈಲಿನಲ್ಲಿ ತೀರಿಸಿದ.

ಘಟನೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟು ಜೋರಾಗಿ ನಡೆಯುವುದು ಸೋಮವಾರ ಮತ್ತು ಗುರುವಾರ. ಸುಗ್ಗಿಯ ತಿಂಗಳುಗಳಲ್ಲಿ ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯಿಂದಲೂ ಚೀಲಗಳು ಬಂದು ಬೀಳುತ್ತವೆ. ಡಬ್ಬಿ ಜಾತಿಯ ಕಾಯಿಗೆ ಒಂದು ದರ, ಕಡ್ಡಿ ಜಾತಿಗೆ ಒಂದು ದರ. ಅಂಥ ಒಂದು ದಿನ ಗದಗ ಜಿಲ್ಲೆಯ ರೈತರೊಬ್ಬರು ಕಾಯಿ ಮಾರಿ, ದಲಾಲಿ ಅಂಗಡಿಯಲ್ಲಿ ಬಾಕಿಯ ಒಂದು ಭಾಗವನ್ನು ನಗದಾಗಿ ಪಡೆದು, ಸಂಜೆ ಐದೂವರೆಯ ಹೊತ್ತಿಗೆ ನಮ್ಮ ಚಾಲಕನ ಟಂಟಂ ಹತ್ತಿದರು. ಮರುದಿನ ಮಧ್ಯಾಹ್ನ ಹೆದ್ದಾರಿಯ ಬದಿಯ ಹಳ್ಳದಲ್ಲಿ ಅವರ ಶವ ಸಿಕ್ಕಿತು. ತಲೆಗೆ ಪೆಟ್ಟು ಬಿದ್ದಿತ್ತು. ಹಣ ಇರಲಿಲ್ಲ.

ಸುದ್ದಿ ಕೇಳಿದ ಚಾಲಕ ತಾನಾಗಿಯೇ ಠಾಣೆಗೆ ಹೋದ. 'ಅವರನ್ನು ಮೋಟೆಬೆನ್ನೂರಿನಲ್ಲಿ ಇಳಿಸಿದವನು ನಾನೇ, ಇಂಥ ಹೊತ್ತಿಗೆ ಇಳಿಸಿದೆ' ಎಂದು ಹೇಳಿದ. ಹೆಂಡತಿ ಬೇಡವೆಂದಿದ್ದಳಂತೆ. 'ಮಾಡದವನಿಗೆ ಎಂಥ ಭಯ' ಎಂದು ಹೋದವನು ಆ ರಾತ್ರಿ ಮನೆಗೆ ಮರಳಲಿಲ್ಲ. ಎರಡು ದಿನ ಕಳೆದ ಮೇಲೆ ಸಿದ್ಧವಾದ ಬಂಧನದ ದಾಖಲೆಯಲ್ಲಿ, ಆರೋಪಿಯು ಬಸ್ ನಿಲ್ದಾಣದ ಬಳಿ ಅನುಮಾನಾಸ್ಪದವಾಗಿ ನಿಂತಿದ್ದಾಗ ಸಿಬ್ಬಂದಿ ಹಿಡಿದು ತಂದರೆಂದು ಬರೆದಿದೆ. ತಾನಾಗಿ ಬಂದು ಹೇಳಿದ ಮಾತು ಯಾವ ಕಾಗದದ ಮೇಲೂ ಇಲ್ಲ.

ನಿಂತ ಸಾಕ್ಷ್ಯ

ನೋಡಿದವರಿಲ್ಲದ ಕೊಲೆಗಳಲ್ಲಿ ಸಾಂದರ್ಭಿಕ ಸಾಕ್ಷ್ಯವೇ ಎಲ್ಲ. ಅದನ್ನು ಹೇಗೆ ಅಳೆಯಬೇಕೆಂದು ಸುಪ್ರೀಂ ಕೋರ್ಟ್ 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಐದು ಸೂತ್ರಗಳನ್ನು ಕೊಟ್ಟಿದೆ. ಪ್ರತಿ ಸಂದರ್ಭವೂ ಸಂಪೂರ್ಣವಾಗಿ ಸಾಬೀತಾಗಿರಬೇಕು, ಕೊಂಡಿಗಳು ಒಂದಕ್ಕೊಂದು ಕೂಡಿ ಆರೋಪಿಯ ಕಡೆಗೆ ಮಾತ್ರ ಬೆರಳು ತೋರಿಸಬೇಕು, ಬೇರೆ ಯಾವ ಊಹೆಗೂ ಎಡೆ ಇರಬಾರದು ಎಂಬುದು ಅದರ ತಿರುಳು. ಕೆಳ ನ್ಯಾಯಾಲಯದ ತೀರ್ಪಿನಲ್ಲಿ ಆ ಐದೂ ಸೂತ್ರಗಳು ಅಚ್ಚುಕಟ್ಟಾಗಿ ಉದ್ಧೃತವಾಗಿವೆ. ಮುಂದಿನ ಪುಟದಿಂದ ಅವುಗಳ ನೆನಪು ಯಾರಿಗೂ ಇದ್ದಂತಿಲ್ಲ.

ಕೊಂಡಿಗಳು ಮೂರು. ಮೃತರು ಕೊನೆಯದಾಗಿ ಕಾಣಿಸಿದ್ದು ಇವನ ಗಾಡಿಯಲ್ಲಿ. ಇದಕ್ಕೆ ಇಬ್ಬರು ಹಮಾಲರ ಸಾಕ್ಷಿ ಇತ್ತು, ಅವರು ಹೇಳಿದ್ದು ನಿಜವೂ ಹೌದು. ಎರಡನೆಯದು ಜಪ್ತಿ. ಆರೋಪಿಯ 'ಸ್ವಇಚ್ಛಾ ಹೇಳಿಕೆ'ಯ ಮೇರೆಗೆ ಸೇತುವೆಯ ಕೆಳಗಿನಿಂದ ಒಂದು ಜಾಕ್ ರಾಡ್, ಮನೆಯಿಂದ ಒಂದಿಷ್ಟು ನೋಟು. ಮೂರನೆಯದು ಉದ್ದೇಶ: ಗಾಡಿಯ ಮೇಲೆ ಫೈನಾನ್ಸ್ ಸಾಲವಿತ್ತು, ಎರಡು ಕಂತು ಬಾಕಿ ಇತ್ತು. ಬ್ಯಾಡಗಿಯಿಂದ ಹುಬ್ಬಳ್ಳಿಯವರೆಗೆ ಕಂತು ಬಾಕಿ ಇಲ್ಲದ ಟಂಟಂ ಎಷ್ಟಿವೆ ಎಂದು ಪಾಟೀ ಸವಾಲಿನಲ್ಲಿ ಯಾರೂ ಕೇಳಲಿಲ್ಲ.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಆಗ ಜಾರಿಯಲ್ಲಿದ್ದ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನ ಪ್ರಕಾರ ಬೆಲೆಯಿರಲಿಲ್ಲ. 27ನೇ ಕಲಮು ಒಂದು ಸಣ್ಣ ಬಾಗಿಲು ತೆರೆದಿಟ್ಟಿತ್ತು. ಆ ಮಾತಿನಿಂದ ಹೊಸ ಸಂಗತಿಯೊಂದು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದಷ್ಟು ಭಾಗವನ್ನು ಮಾತ್ರ ಒಪ್ಪಬಹುದಿತ್ತು. ಈ ಪ್ರಕರಣದಲ್ಲಿ ಸೇತುವೆಯ ಕೆಳಗೆ ದನ ಕಾಯುವವರು ದಿನವೂ ಕುಳಿತಿರುತ್ತಾರೆ. ಜಾಗ ಎಲ್ಲರಿಗೂ ತೆರೆದದ್ದು. ರಾಡಿನ ಮೇಲೆ ರಕ್ತವಿದೆ ಎಂದು ವಿಧಿವಿಜ್ಞಾನ ವರದಿ ಹೇಳಿತು, ಗುಂಪು ತಿಳಿಯಲಿಲ್ಲ ಎಂದೂ ಹೇಳಿತು. ನೋಟುಗಳಿಗೆ ಗುರುತಿರಲಿಲ್ಲ. ಜಪ್ತಿಗೆ ಸಾಕ್ಷಿಗಳಾಗಿ ನಿಂತ ಪಂಚರಲ್ಲಿ ಒಬ್ಬರು ಪ್ರತಿಕೂಲ ಸಾಕ್ಷಿಯಾದರು. ಇನ್ನೊಬ್ಬರು ಠಾಣೆಯ ಎದುರಿನ ಚಹಾದಂಗಡಿಯವರು.

ಇಷ್ಟಕ್ಕೇ ಶಿಕ್ಷೆ ನಿಲ್ಲುತ್ತಿರಲಿಲ್ಲವೇನೋ. ನಿಲ್ಲಿಸಿದ್ದು ಆರೋಪಿಯದೇ ಬಾಯಿ. ವಿಚಾರಣೆಯ ಕೊನೆಯಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನಡಿ ನ್ಯಾಯಾಧೀಶರು ಆರೋಪಿಯನ್ನು ನೇರವಾಗಿ ಪ್ರಶ್ನಿಸುತ್ತಾರೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 351ನೇ ಕಲಮು. ಇಡೀ ಮೊಕದ್ದಮೆಯಲ್ಲಿ ಆರೋಪಿ ತನ್ನ ಮಾತನ್ನು ತಾನೇ ಹೇಳಿಕೊಳ್ಳಲು ಕಾನೂನು ಇಟ್ಟ ಜಾಗ ಅದು. ಪ್ರತಿ ಸಂಗತಿಯನ್ನೂ ಬಿಡಿಬಿಡಿಯಾಗಿ, ಅವನಿಗೆ ಅರ್ಥವಾಗುವಂತೆ ಮುಂದಿಡಬೇಕೆಂದು ಸುಪ್ರೀಂ ಕೋರ್ಟ್ 1951ರ ತಾರಾ ಸಿಂಗ್ ಪ್ರಕರಣದಿಂದಲೂ ಹೇಳುತ್ತಾ ಬಂದಿದೆ. ಬೇಕಿದ್ದರೆ ಲಿಖಿತ ಹೇಳಿಕೆ ಕೊಡಲೂ ಅವಕಾಶವಿದೆ. ನಡೆದದ್ದೇನೆಂದರೆ, 'ಏನು ಕೇಳಿದರೂ ಸುಳ್ಳು ಅನ್ನು, ಅದೇ ಕ್ಷೇಮ' ಎಂದು ಆಗಿನ ವಕೀಲರು ಹೇಳಿಕೊಟ್ಟಿದ್ದರು. ಆತ ಹಾಗೆಯೇ ಮಾಡಿದ. ಪುಟಗಟ್ಟಲೆ ಪ್ರಶ್ನೆ, ಪ್ರತಿಯೊಂದರ ಎದುರಿಗೂ ಒಂದೇ ಪದ. ಮೃತರು ನಿನ್ನ ಗಾಡಿ ಹತ್ತಿದ್ದನ್ನು ಇಬ್ಬರು ನೋಡಿದ್ದಾರೆ, ಏನು ಹೇಳುತ್ತೀ? ಸುಳ್ಳು. ಯಾವ ಸಂಗತಿಯನ್ನು ಹೇಳಲು ತಾನಾಗಿ ಠಾಣೆಯ ಮೆಟ್ಟಿಲು ಹತ್ತಿದ್ದನೋ ಅದನ್ನೇ ನ್ಯಾಯಾಲಯದಲ್ಲಿ ಅಲ್ಲಗಳೆದ.

ತೀರ್ಪು ಅಲ್ಲಿಯೇ ಹಿಡಿಯಿತು. ಸಾಬೀತಾದ ಸತ್ಯವನ್ನು ಆರೋಪಿ ನಿರಾಕರಿಸಿದ್ದಾನೆ, ತನಗೆ ಮಾತ್ರ ತಿಳಿದಿರುವ ಸಂಗತಿಗೆ ಸಾಕ್ಷ್ಯ ಅಧಿನಿಯಮದ 106ನೇ ಕಲಮಿನಂತೆ ವಿವರಣೆ ಕೊಟ್ಟಿಲ್ಲ, ಆದ್ದರಿಂದ ಸರಪಳಿ ಪೂರ್ಣವಾಯಿತು ಎಂದಿತು. ಸುಳ್ಳು ನಿರಾಕರಣೆಯನ್ನು ಆಗಲೇ ಪೂರ್ಣಗೊಂಡ ಸರಪಳಿಗೆ ಹೆಚ್ಚುವರಿ ಕೊಂಡಿಯಾಗಿ ಬಳಸಬಹುದೇ ಹೊರತು, ತುಂಡಾದ ಸರಪಳಿಗೆ ಬೆಸುಗೆಯಾಗಿ ಅಲ್ಲ ಎಂಬುದನ್ನೂ ಅದೇ ಸಾರ್ಡಾ ತೀರ್ಪು ಹೇಳಿದೆ. ಆ ಭಾಗ ಉದ್ಧರಣೆಯಲ್ಲಿ ಇರಲಿಲ್ಲ.

ಹೊರಗೆ, ಒಳಗೆ

ಅಂದಿನಿಂದ ಮನೆ ನಡೆದದ್ದು ಹೆಂಡತಿಯ ಬೆರಳುಗಳ ಮೇಲೆ. ಬ್ಯಾಡಗಿಯ ಸುತ್ತಮುತ್ತ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಹೆಂಗಸರ ಕೂಲಿ. ದಿನಕ್ಕೆ ಇಂತಿಷ್ಟು ತೂಕಕ್ಕೆ ಇಂತಿಷ್ಟು ಎಂದು ಲೆಕ್ಕ. ಕೈ ಉರಿ ರಾತ್ರಿಯಲ್ಲೂ ಇಳಿಯುವುದಿಲ್ಲ. ಆಕೆ ಎರಡು ಮಕ್ಕಳನ್ನು ಸಾಕಿ, ತಿಂಗಳಿಗೊಮ್ಮೆ ಜೈಲಿನ ಸಂದರ್ಶನಕ್ಕೆ ಬಸ್ಸಿನ ಖರ್ಚು ಹೊಂದಿಸಿ, ಫೈನಾನ್ಸ್‌ನವರ ನೋಟಿಸನ್ನೂ ಎದುರಿಸಬೇಕಾಗಿತ್ತು.

ನೋಟಿಸಿನ ವಿಷಯ ವಿಚಿತ್ರವಾಗಿದೆ. ಟಂಟಂ ಮುದ್ದೆಮಾಲಾಗಿ, ಅಂದರೆ ಜಪ್ತಿಯಾದ ವಸ್ತುವಾಗಿ, ಠಾಣೆಯ ಆವರಣದಲ್ಲಿ ನಿಂತಿತ್ತು, ಸಾಲದ ಬಡ್ಡಿ ಓಡುತ್ತಿತ್ತು. ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ಕೊಳೆಯಲು ಬಿಡಬಾರದು, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಬೇಗ ಬಿಟ್ಟುಕೊಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಒಂದು ಅರ್ಜಿ ಸಾಕಿತ್ತು. ಹಾಕಬೇಕೆಂದು ಮನೆಯವರಿಗೆ ಗೊತ್ತಿರಲಿಲ್ಲ, ವಕೀಲರಿಗೆ ತೋಚಲಿಲ್ಲ. ಗಾಡಿಯನ್ನು ಬಿಡಿಸಿಕೊಂಡು ಬಾಡಿಗೆಗೆ ಕೊಟ್ಟಿದ್ದರೆ ಕಂತೂ ತೀರುತ್ತಿತ್ತು, ಖಾಸಗಿ ವಕೀಲರನ್ನು ಇಡುವಷ್ಟು ದುಡ್ಡೂ ಉಳಿಯುತ್ತಿತ್ತು. ಕೊಲೆ ಕೇಸಿನಲ್ಲಿ ಗಾಡಿಯ ಮಾತೇನು ಎನ್ನುವವರಿಗೆ ಬಡವರ ಮೊಕದ್ದಮೆ ಎಲ್ಲಿ ಸೋಲುತ್ತದೆ ಎಂಬುದು ತಿಳಿದಿಲ್ಲ.

ಜೈಲಿನ ಮೊದಲ ವರ್ಷದ ಬಗ್ಗೆ ಆತ ಹೆಚ್ಚು ಹೇಳುವುದಿಲ್ಲ. ಊಟ ಇಳಿಯುತ್ತಿರಲಿಲ್ಲ, ನಿದ್ದೆ ಇರಲಿಲ್ಲ, ಅಷ್ಟೆ. ಸಜಾ ಬಂದಿಯಾಗಿ ಬಿಳಿ ಬಟ್ಟೆ ಹಾಕಿಕೊಂಡ ಮೇಲೆ ಕಲಿತದ್ದನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತಾನೆ: ಅಲ್ಲಿ 'ನಾನು ಮಾಡಿಲ್ಲ' ಎಂದು ಹೇಳಬಾರದು. ಮಾಡಿದವರೂ ಅದನ್ನೇ ಹೇಳುತ್ತಾರೆ, ಕೇಳಿದವರು ನಗುತ್ತಾರೆ. ಎರಡು ಬಾರಿ ನಗೆಗೀಡಾದ ಮೇಲೆ ಆತ ಆ ಮಾತನ್ನು ನಿಲ್ಲಿಸಿದ. ಅಡುಗೆಮನೆಯ ಕೆಲಸ ಕೇಳಿ ಪಡೆದ. ನೂರಾರು ಜನರ ಚಪಾತಿಗೆ ಹಿಟ್ಟು ನಾದುವಾಗ ತಲೆಗೆ ಬೇರೆ ಯೋಚನೆ ಬರುವುದಿಲ್ಲವಂತೆ. ಪೆರೋಲ್ ಕೇಳಿದಾಗ, ಬಂದರೆ ಊರಿನಲ್ಲಿ ಶಾಂತಿ ಕದಡುತ್ತದೆ ಎಂದು ಠಾಣೆಯ ವರದಿ ಹೋಯಿತು. ತಂದೆ ತೀರಿಕೊಂಡ ಸುದ್ದಿ ಮಣ್ಣು ಮಾಡಿದ ನಂತರವೇ ತಲುಪಿತು.

ತೀರ್ಪಿನ ಪ್ರತಿಯನ್ನು ಆರೋಪಿಗೆ ಉಚಿತವಾಗಿ ಕೊಡಬೇಕೆಂಬುದು ಕಾನೂನು. 1978ರ ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೇಲ್ಮನವಿಯ ಹಕ್ಕಿನೊಂದಿಗೇ ಬೆಸೆದು ಹೇಳಿತು. ಅವನಿಗೂ ಕೊಟ್ಟರು. ತೀರ್ಪು ಇಂಗ್ಲಿಷಿನಲ್ಲಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟವನಿಗೆ ತನಗೆ ಶಿಕ್ಷೆ ಏಕಾಯಿತೆಂಬುದೇ ಬಹುಕಾಲ ತಿಳಿಯಲಿಲ್ಲ. ಸಾಕ್ಷಿಗಳ ಹೇಳಿಕೆಗಳು ಮಾತ್ರ ಕನ್ನಡದಲ್ಲಿದ್ದವು. ಅದೇ ಬ್ಯಾರಕ್ಕಿನಲ್ಲಿದ್ದ ಒಬ್ಬ ಮಾಜಿ ಶಾಲಾ ಶಿಕ್ಷಕರು, ಅಲ್ಲಿ ಎಲ್ಲರೂ 'ಮಾಸ್ತರ' ಎಂದೇ ಕರೆಯುತ್ತಿದ್ದವರು, ಸಂಜೆ ಬೀಗ ಬಿದ್ದ ಮೇಲೆ ಆ ಹಾಳೆಗಳನ್ನು ಓದಿ ಹೇಳತೊಡಗಿದರು. ಮಾಸ್ತರರು ತಾವೂ ಕೊಲೆಯ ಶಿಕ್ಷೆಯಲ್ಲಿದ್ದವರು, ತಾವು ಮಾಡಿದ್ದನ್ನು ಒಪ್ಪಿಕೊಂಡಿದ್ದವರು. ಈತ ನಿರಪರಾಧಿ ಎಂದು ನಂಬಿದ ಮೊದಲಿಗರು ಅವರೇ ಎಂಬುದನ್ನು ಇಲ್ಲಿ ದಾಖಲಿಸಬೇಕು. 'ಮಾಡಿದವನು ಯಾವ ಸಾಕ್ಷಿ ಏನು ಹೇಳಿದ ಎಂದು ಇಷ್ಟು ಸಲ ಕೇಳುವುದಿಲ್ಲ ತಮ್ಮಾ' ಎಂದಿದ್ದರಂತೆ.

ಕೇಳಿ ಕೇಳಿ ಹೇಳಿಕೆಗಳೆಲ್ಲ ಬಾಯಿಪಾಠವಾದವು. ಆಮೇಲೆ ತಾನೇ ಓದಲು ಶುರುಮಾಡಿದ.

ಒಂದು ವಾಕ್ಯ

ಮೇಲ್ಮನವಿಯನ್ನು ಜೈಲು ಅಧೀಕ್ಷಕರ ಮೂಲಕ ಸಲ್ಲಿಸಲಾಯಿತು. ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ 12ನೇ ಕಲಮಿನಡಿ ಉಚಿತ ವಕೀಲರಿಗೆ ಹಕ್ಕುದಾರರು. ಹಾಗೆ ಕಡತ ನಮ್ಮ ಹಿರಿಯ ವಕೀಲರ ಬಳಿಗೆ ಬಂತು. 2008ರ ಜುಲೈಗೆ ಮುನ್ನವಾಗಿದ್ದರೆ ಇದಕ್ಕೆಲ್ಲ ಬೆಂಗಳೂರಿಗೇ ಓಡಬೇಕಿತ್ತು. ಆ ತಿಂಗಳು ಧಾರವಾಡದಲ್ಲಿ ಸಂಚಾರಿ ಪೀಠ ಶುರುವಾಗಿ, 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಪೀಠ ಹತ್ತಿರವಾದ ಮಾತ್ರಕ್ಕೆ ಸರದಿ ಹತ್ತಿರವಾಗುವುದಿಲ್ಲ. ಮೇಲ್ಮನವಿ ಸಕಾಲದಲ್ಲಿ ನಡೆಯದಿದ್ದರೆ ಬಂದಿಯನ್ನು ಜಾಮೀನಿನ ಮೇಲೆ ಬಿಡುವುದೇ ನ್ಯಾಯ ಎಂದು 1977ರ ಕಾಶ್ಮೀರಾ ಸಿಂಗ್ ತೀರ್ಪು ಇದ್ದರೂ, ಶಿಕ್ಷೆ ಅಮಾನತಿನ ಅರ್ಜಿ ಒಮ್ಮೆ ತಿರಸ್ಕೃತವಾಯಿತು.

ಅವನನ್ನು ನಾನು ಕಂಡದ್ದು ಆ ನಂತರ. ಮಾತು ಶುರುವಾಗುವ ಮೊದಲೇ ಪ್ಲಾಸ್ಟಿಕ್ ಚೀಲದಿಂದ ಹಾಳೆಗಳನ್ನು ತೆಗೆದು, 'ಸಾಹೇಬರೇ, ತನಿಖಾಧಿಕಾರಿಗಳ ಪಾಟೀ ಸವಾಲಿನ ಮೂರನೆಯ ಪುಟ ನೋಡಿರಿ' ಎಂದ. ಅಲ್ಲಿದ್ದ ವಾಕ್ಯ ಹೀಗಿತ್ತು: 'ಮೃತನು ಊಟ ಮಾಡಿದ ಬಗ್ಗೆ ಖಾನಾವಳಿಯೊಂದರ ಮಾಲೀಕರನ್ನು ವಿಚಾರಿಸಿ ಹೇಳಿಕೆ ಪಡೆದಿರುತ್ತೇನೆ. ಸದರಿ ಹೇಳಿಕೆಯನ್ನು ಹಾಜರುಪಡಿಸಿರುವುದಿಲ್ಲ.' ವಕೀಲರು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದರು. ತೀರ್ಪಿನಲ್ಲಿ ಈ ವಾಕ್ಯದ ಸುಳಿವೂ ಇಲ್ಲ.

ಇದರ ಪಕ್ಕದಲ್ಲಿ ಶವಪರೀಕ್ಷೆಯ ವರದಿ ಇಟ್ಟು ಓದಬೇಕು. ಹೊಟ್ಟೆಯಲ್ಲಿ ಬಹುಪಾಲು ಜೀರ್ಣವಾಗದ ಅನ್ನವಿತ್ತು. ಮೃತರ ಜೊತೆ ಮಾರುಕಟ್ಟೆಗೆ ಬಂದಿದ್ದ ಸಂಬಂಧಿಕರ ಸಾಕ್ಷ್ಯದ ಪ್ರಕಾರ, ಅವರು ಮಧ್ಯಾಹ್ನ ತಿಂದದ್ದು ಮನೆಯಿಂದ ಕಟ್ಟಿಕೊಂಡು ಬಂದ ರೊಟ್ಟಿ. ಹಾಗಾದರೆ ಅನ್ನ ಉಂಡದ್ದು ಯಾವಾಗ? ಟಂಟಂ ಇಳಿದ ಮೇಲೆ. ಉಣ್ಣಲು ಕುಳಿತವರು ಬದುಕಿದ್ದರು, ಚಾಲಕನ ವಶದಲ್ಲಿರಲಿಲ್ಲ. ಹೊಟ್ಟೆಯ ಅನ್ನ ನೋಡಿ ಸಾವಿನ ಗಂಟೆ ಹೇಳುವುದು ನಂಬಬಹುದಾದ ಲೆಕ್ಕವಲ್ಲ, ನ್ಯಾಯಾಲಯಗಳೂ ಅದನ್ನು ಎಚ್ಚರಿಕೆಯಿಂದಲೇ ನೋಡುತ್ತವೆ. ಇಲ್ಲಿ ಬೇಕಾದದ್ದು ಗಂಟೆ ಅಲ್ಲ, ಕ್ರಮ: ಮೊದಲು ಇಳಿದರು, ನಂತರ ಉಂಡರು, ಆಮೇಲೆ ಸತ್ತರು.

ಖಾನಾವಳಿಯ ಹೇಳಿಕೆ ಠಾಣೆಯ ಕಡತದಲ್ಲಿ ಇದ್ದೇ ಇತ್ತು. ತನಿಖೆಯಲ್ಲಿ ಸಂಗ್ರಹಿಸಿ, ಆರೋಪಕ್ಕೆ ಅನುಕೂಲವಲ್ಲವೆಂದು ಪಕ್ಕಕ್ಕಿಟ್ಟ ಹೇಳಿಕೆ ಮತ್ತು ದಾಖಲೆಗಳ ಪಟ್ಟಿಯನ್ನಾದರೂ ಆರೋಪಿಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಸ್ವಯಂಪ್ರೇರಿತ ಪ್ರಕರಣವೊಂದರಲ್ಲಿ ಹೇಳಿತು, 2022ರ ಮನೋಜ್ ಪ್ರಕರಣದಲ್ಲಿ ಪುನಃ ಒತ್ತಿ ಹೇಳಿತು. ಇವನ ವಿಚಾರಣೆ ಅದಕ್ಕೂ ಹಿಂದಿನದು. ಅಂಥ ಪಟ್ಟಿ ಇರಲಿಲ್ಲ. ಆದರೆ ಸಾಕ್ಷ್ಯ ಅಧಿನಿಯಮದ 114ನೇ ಕಲಮಿನ ಜಿ ದೃಷ್ಟಾಂತ ಹಳೆಯದು. ಹಾಜರುಪಡಿಸಬಹುದಾಗಿದ್ದ ಸಾಕ್ಷ್ಯವನ್ನು ತಡೆಹಿಡಿದವರಿಗೆ ಅದು ವಿರುದ್ಧವಾಗಿಯೇ ಇರುತ್ತಿತ್ತು ಎಂದು ನ್ಯಾಯಾಲಯ ಊಹಿಸಬಹುದು.

ವಿಭಾಗೀಯ ಪೀಠದ ಮುಂದೆ ವಾದ ಒಂದೇ ದಿನದಲ್ಲಿ ಮುಗಿಯಿತು. ಕೊನೆಯದಾಗಿ ಕಂಡದ್ದಕ್ಕೂ ಶವ ಸಿಕ್ಕಿದ್ದಕ್ಕೂ ನಡುವೆ ಬೇರೊಬ್ಬರು ಬರಲು ಸಾಧ್ಯವೇ ಇಲ್ಲದಷ್ಟು ಕಡಿಮೆ ಅಂತರವಿರಬೇಕು ಎಂಬ 2005ರ ಸತೀಶ್ ಪ್ರಕರಣದ ನಿಯಮವನ್ನು ಪೀಠ ಮುಂದಿಟ್ಟಿತು. ಇಲ್ಲಿ ಇಡೀ ಒಂದು ರಾತ್ರಿ ಇದೆ, ಒಂದು ಊಟವೂ ಇದೆ. ರಾಡಿನ ಜಪ್ತಿಯನ್ನು ನಂಬಲಿಲ್ಲ. 313ರ ಉತ್ತರಗಳಿಂದ ಸರಪಳಿ ಕಟ್ಟಿದ್ದು ತಪ್ಪೆಂದಿತು. ಸಂಶಯದ ಲಾಭ ಕೊಟ್ಟು ಬಿಡುಗಡೆಗೆ ಆದೇಶಿಸಿತು.

ಬಿಡುಗಡೆಯ ನಂತರ

ಟಂಟಂ ಮರಳಿ ಸಿಕ್ಕಿತು, ಚಕ್ರ ಮತ್ತು ಬ್ಯಾಟರಿ ಇಲ್ಲದೆ. ಗುಜರಿಯವರು ತೂಕದ ಲೆಕ್ಕದಲ್ಲಿ ಒಯ್ದರು. ಮಗಳು ಮೊದಲ ಕೆಲವು ವಾರ ಅವನನ್ನು 'ಅಪ್ಪಾ' ಎಂದು ಕರೆಯಲಿಲ್ಲ. ಮಗ ಓದು ಬಿಟ್ಟು ಹಮಾಲಿ ಮಾಡುತ್ತಿದ್ದ. ಊರಿನಲ್ಲಿ ಕೆಲವರು ಕರೆದು ಚಹಾ ಕೊಟ್ಟರು, ಕೆಲವರು 'ಹೈಕೋರ್ಟಿನಲ್ಲಿ ಹೇಗೋ ಬಿಟ್ಟಿತಂತೆ' ಎಂದರು.

ಒಂದು ಸಂತೆಯ ದಿನ ಮೃತರ ತಮ್ಮ ಅವನಿಗೆ ಎದುರಾದರು. ಜಗಳವಾಗಬಹುದೆಂದು ಜನ ಸೇರಿದರು. ಅವರು ಕೇಳಿದ್ದು ಇಷ್ಟೇ: 'ನೀನಲ್ಲ ಎಂದಾದರೆ ಮತ್ತೆ ಯಾರು?' ಇವನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರಿಸಬೇಕಾದ ಕಡತ ಮುಚ್ಚಿಹೋಗಿದೆ. ಖಾನಾವಳಿಯಲ್ಲಿ ಆ ರಾತ್ರಿ ಮೃತರ ಎದುರಿಗೆ ಯಾರು ಕುಳಿತಿದ್ದರು ಎಂಬುದನ್ನು ಹೇಳಬಹುದಾಗಿದ್ದ ಮಾಲೀಕರು ಈಗಿಲ್ಲ.

ಪರಿಹಾರದ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲಿ ತಪ್ಪು ಶಿಕ್ಷೆ ಅನುಭವಿಸಿದವರಿಗೆ ಇಷ್ಟು ಕೊಡಬೇಕೆಂಬ ಶಾಸನವೇ ಇಲ್ಲ. ಆಧಾರವಿಲ್ಲದೆ ಬಂಧಿಸಲು ಕಾರಣರಾದವರಿಂದ ಗರಿಷ್ಠ 1,000 ರೂಪಾಯಿ ಕೊಡಿಸುವ ಕಲಮು ಹಳೆಯ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯೂ ಅದೇ ಸಾವಿರವನ್ನು 399ನೇ ಕಲಮಿನಲ್ಲಿ ಉಳಿಸಿಕೊಂಡಿದೆ. ದೆಹಲಿ ಹೈಕೋರ್ಟ್ 2017ರ ನವೆಂಬರ್‌ನಲ್ಲಿ ಕೇಳಿಕೊಂಡ ಮೇಲೆ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ ತನ್ನ 277ನೇ ವರದಿಯನ್ನು ಕೊಟ್ಟು, ಇಂಥವರಿಗೆ ಶಾಸನಬದ್ಧ ಪರಿಹಾರ ಬೇಕು, ಅದಕ್ಕೆ ವಿಶೇಷ ನ್ಯಾಯಾಲಯ ಬೇಕು ಎಂದಿತು. ಹೊಸ ಸಂಹಿತೆ ಬರೆದವರ ಮೇಜಿನ ಮೇಲೆ ಆ ವರದಿ ಇದ್ದಿರಲೇಬೇಕು.

ಹಾಗಾಗಿ ಎಲ್ಲವೂ ನ್ಯಾಯಾಲಯದ ಮನಸ್ಸಿನ ಮೇಲೆ. ಖುಲಾಸೆಯಾದ ಮೇಲೂ 14 ವರ್ಷ ಒಳಗೇ ಇದ್ದ ಬಿಹಾರದ ರುದುಲ್ ಶಾಗೆ ಸುಪ್ರೀಂ ಕೋರ್ಟ್ 1983ರಲ್ಲಿ ಕೊಡಿಸಿದ್ದು ಒಟ್ಟು 35,000 ರೂಪಾಯಿ. 2018ರಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ. 2019ರಲ್ಲಿ, ಗಲ್ಲು ಶಿಕ್ಷೆಗೆ ಗುರಿಯಾಗಿ ನಂತರ ದೋಷಮುಕ್ತರಾದ ಮಹಾರಾಷ್ಟ್ರದ ಆರು ಮಂದಿಗೆ ತಲಾ 5 ಲಕ್ಷ. ಈ ಅಂಕಿಗಳ ಹಿಂದೆ ಯಾವ ಲೆಕ್ಕವಿದೆ ಎಂದು ಹುಡುಕುವುದು ವ್ಯರ್ಥ. ದೊಡ್ಡ ಸುದ್ದಿಯಾದ ಪ್ರಕರಣಗಳಿಗಾದರೂ ಏನೋ ಸಿಗುತ್ತದೆ, ಟಂಟಂ ಚಾಲಕ ಯಾರ ಸುದ್ದಿ?

ಅವನ ಮುಂದಿದ್ದ ದಾರಿಗಳಲ್ಲಿ ದುರುದ್ದೇಶದ ಮೊಕದ್ದಮೆಗೆ ಪರಿಹಾರ ಕೇಳುವ ಸಿವಿಲ್ ದಾವೆಯನ್ನು ಖುಲಾಸೆಯಾದ ಒಂದು ವರ್ಷದೊಳಗೆ ಹೂಡಬೇಕು. ಅದಕ್ಕೂ ಮೊದಲು ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್ ಕೊಡಬೇಕು, ಕೋರ್ಟ್ ಶುಲ್ಕ ಕಟ್ಟಬೇಕು, ಪೊಲೀಸರಿಗೆ ದ್ವೇಷವಿತ್ತೆಂದು ಸಾಬೀತುಪಡಿಸಬೇಕು. ದ್ವೇಷ ಇರಲಿಲ್ಲ ಎಂಬುದೇ ಇಲ್ಲಿನ ತೊಡಕು. ಮಾನವ ಹಕ್ಕುಗಳ ಆಯೋಗ ಘಟನೆ ನಡೆದ ಒಂದು ವರ್ಷದ ಆಚೆಗಿನ ದೂರನ್ನು ವಿಚಾರಿಸುವಂತಿಲ್ಲ. ಆ ಒಂದು ವರ್ಷವನ್ನು ಆತ ವಿಚಾರಣಾಧೀನ ಬಂದಿಯಾಗಿ ಕಳೆದಿದ್ದ. ಉಳಿದದ್ದು ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಅದನ್ನೇ ಸಲ್ಲಿಸಿದ್ದೇವೆ.

ಅರ್ಜಿಯಲ್ಲಿ ಹಣದ ಬೇಡಿಕೆ ಇದೆ. ಅದಕ್ಕಿಂತ ನಾನು ಹೆಚ್ಚು ನೆಚ್ಚಿರುವುದು ಎರಡನೆಯ ಕೋರಿಕೆಯನ್ನು. ಪ್ರತಿಯೊಂದು ಖುಲಾಸೆಯನ್ನೂ ಪರಿಶೀಲಿಸಿ, ತನಿಖೆ ಅಥವಾ ಅಭಿಯೋಜನೆಯಲ್ಲಿ ಎಲ್ಲಿ ಎಡವಟ್ಟಾಯಿತು, ಅದಕ್ಕೆ ಹೊಣೆ ಯಾರು ಎಂದು ದಾಖಲಿಸುವ ವ್ಯವಸ್ಥೆಯನ್ನು ಆರು ತಿಂಗಳೊಳಗೆ ಮಾಡಿಕೊಳ್ಳಬೇಕೆಂದು 2014ರ ಜನವರಿಯಲ್ಲಿ ಕಿಶನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿದೆ. ಈ ಖುಲಾಸೆಯ ಬಗ್ಗೆ ಅಂಥ ಪರಿಶೀಲನೆ ನಡೆದಿದೆಯೇ, ನಡೆದಿದ್ದರೆ ವರದಿಯಲ್ಲಿ ಏನಿದೆ, ಖಾನಾವಳಿಯ ಹೇಳಿಕೆಯ ಪ್ರತಿ ಕೊಡಿ ಎಂದು ಕೇಳಿದ್ದೇವೆ. ಮಾಹಿತಿ ಹಕ್ಕಿನಡಿಯೂ ಇದೇ ಪ್ರಶ್ನೆ ಹಾಕಿದ್ದೆವು. ಕಡತ ಹಳೆಯದು, ಹುಡುಕಲಾಗುತ್ತಿದೆ ಎಂದು ಉತ್ತರ ಬಂತು.

ಸರ್ಕಾರದ ವಕೀಲರು ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಪಡೆದಿದ್ದಾರೆ. ಆತ ಈಗ ಇನ್ನೊಬ್ಬರ ಟಂಟಂನ್ನು ದಿನದ ಬಾಡಿಗೆಗೆ ಓಡಿಸುತ್ತಾನೆ. ಹಳೆಯ ಗಾಡಿಯ ಸಾಲಕ್ಕೆ ಬಡ್ಡಿ ಸೇರಿಸಿ ಫೈನಾನ್ಸ್ ಕಂಪನಿ ಹೂಡಿರುವ ದಾವೆಗೂ ಈಗ ನಮ್ಮ ಹಿರಿಯರೇ ವಕಾಲತ್ತು ಹಾಕಿದ್ದಾರೆ. ಗಾಡಿ ಯಾವ ಕಾರಣಕ್ಕೆ ಓಡಲಿಲ್ಲ ಎಂಬುದಕ್ಕೆ ಹೈಕೋರ್ಟಿನ ತೀರ್ಪಿನ ದೃಢೀಕೃತ ನಕಲನ್ನು ಅಲ್ಲಿ ದಾಖಲೆಯಾಗಿ ಕೊಟ್ಟಿದ್ದೇವೆ.